ಮಾಟುಂಗಾದ ಭಾನುವಾರದ ತರಗತಿಯಲ್ಲಿ ಫ್ರಾನ್ಸಿನ ಮತದಾರ

ಮುಂಬಯಿಯ ಮಾಟುಂಗಾದಲ್ಲಿ ಯುರೋಪಿನ ಚುನಾವಣೆಗಳನ್ನು ಕುರಿತು ನಾಲ್ಕು ಭಾನುವಾರ ಕನ್ನಡದಲ್ಲೇ ನಡೆದ ಉಪನ್ಯಾಸ ತರಗತಿಗೆ ನಾನು ತಪ್ಪದೆ ಹೋಗಿದ್ದೆ. ಕೊಟ್ಟ ಶುಲ್ಕಕ್ಕೆ ಮೋಸವಾಗಲಿಲ್ಲ.

ಎರಡನೆಯ ವಾರದ ಪಾಠವೇ ಇದರ ತಿರುಳು. ಶಿಕ್ಷಕರು ಹಲಗೆಯ ನಡುವೆ ಗೆರೆ ಎಳೆದು, ಒಂದು ಕಡೆ ಎರಡು ಸುತ್ತುಗಳಲ್ಲಿ 577 ಸದಸ್ಯರನ್ನು ಆರಿಸುವ ಫ್ರಾನ್ಸಿನ ರಾಷ್ಟ್ರೀಯ ಸಭೆಯ (ಸಂಸತ್ತಿನ ಕೆಳಮನೆ) ಚುನಾವಣೆಯನ್ನೂ, ಇನ್ನೊಂದು ಕಡೆ ಇಡೀ ದೇಶವನ್ನೇ ಒಂದು ಕ್ಷೇತ್ರವಾಗಿಸಿ, ಶೇ. 5ರ ಮಿತಿ ದಾಟಿದ ಪಟ್ಟಿಗಳಿಗೆ ಮತಪ್ರಮಾಣಕ್ಕೆ ತಕ್ಕಂತೆ ಸ್ಥಾನ ಹಂಚುವ ಯುರೋಪಿಯನ್ ಸಂಸತ್ತಿನ ಚುನಾವಣೆಯನ್ನೂ ಬರೆದರು. ಸರ್ಕಾರ ಬೀಳುವ ಭಯವಿಲ್ಲದ ಕಡೆ ಮತದಾರ ಆಳುವವರಿಗೆ ಬಿಸಿ ಮುಟ್ಟಿಸಲು ಹಿಂಜರಿಯುವುದಿಲ್ಲ ಎಂಬುದು ಆ ಗೆರೆಯಿಂದಲೇ ನನಗೆ ಮನದಟ್ಟಾಯಿತು.

2024ರ ಜೂನ್ 9ರ ಯುರೋಪಿಯನ್ ಚುನಾವಣೆಯಲ್ಲಿ ಜೋರ್ಡಾನ್ ಬಾರ್ಡೆಲ್ಲಾ ನೇತೃತ್ವದ, ಕಡುಬಲಪಂಥೀಯ ಪಕ್ಷವಾದ ನ್ಯಾಷನಲ್ ರ್‍ಯಾಲಿ ಪಟ್ಟಿ ಸುಮಾರು ಶೇ. 31 ಮತ ಗಳಿಸಿ ಫ್ರಾನ್ಸಿನ 81 ಸ್ಥಾನಗಳಲ್ಲಿ 30 ಗೆದ್ದಿತು. ಅಧ್ಯಕ್ಷ ಮ್ಯಾಕ್ರನ್ ಅವರ ಕೂಟ ಶೇ. 15ನ್ನೂ ಮುಟ್ಟಲಿಲ್ಲ, ಅದೇ ರಾತ್ರಿ ಅವರು ರಾಷ್ಟ್ರೀಯ ಸಭೆಯ ವಿಸರ್ಜನೆಯನ್ನು ಘೋಷಿಸಿದರು. ಮೂರು ವಾರಗಳ ಬಳಿಕ ಸಭೆಗೆ ನಡೆದ ಚುನಾವಣೆಯ ಮೊದಲ ಸುತ್ತಿನಲ್ಲಿ ಮತದಾನದ ಪ್ರಮಾಣ ಸುಮಾರು ಶೇ. 51ರಿಂದ ಶೇ. 67ರ ಹತ್ತಿರಕ್ಕೆ ಏರಿತು. ಎರಡನೆಯ ಸುತ್ತಿಗೆ ಮುನ್ನ ಎಡಪಕ್ಷಗಳ ಮತ್ತು ಮ್ಯಾಕ್ರನ್ ಕೂಟದ ಅನೇಕ ಅಭ್ಯರ್ಥಿಗಳು ಮತ ಒಡೆಯದಂತೆ ಪರಸ್ಪರರಿಗಾಗಿ ಕಣದಿಂದ ಹಿಂದೆ ಸರಿದದ್ದರಿಂದ, ಮೊದಲ ಸುತ್ತಿನಲ್ಲಿ ಮುಂದಿದ್ದ ಬಾರ್ಡೆಲ್ಲಾ ಪಕ್ಷ ಸ್ಥಾನಗಳ ಲೆಕ್ಕದಲ್ಲಿ ಮೂರನೆಯದಾಯಿತು. ಇದನ್ನು ವಿವರಿಸುವಾಗ ಪಕ್ಕದಲ್ಲಿದ್ದ ಉಡುಪಿ ಕಡೆಯ ಹಿರಿಯರೊಬ್ಬರು, "ಮತದಾರ ಅದೇ, ಪೆಟ್ಟಿಗೆ ಬೇರೆ ಅಲ್ಲವಾ ಮಾಸ್ಟ್ರೇ?" ಎಂದು ಕೇಳಿದರು, ಪಾಠ ಅರ್ಧ ಗಂಟೆ ಮುಂದುವರಿಯಿತು.

ಕೊರತೆಯೂ ಇತ್ತು. ಹಂಚಿದ ನಕಾಶೆಯ ಝೆರಾಕ್ಸ್ ಪ್ರತಿಯಲ್ಲಿ ಉತ್ತರ ಫ್ರಾನ್ಸ್ ಪೂರ್ತಿ ಕಪ್ಪಾಗಿತ್ತು, ಹಸಿರು ಪಕ್ಷಕ್ಕೆ ಹತ್ತು ನಿಮಿಷವೂ ಸಿಗಲಿಲ್ಲ. ಮುಂದಿನ ತಂಡಕ್ಕೆ ಐದನೆಯ ಭಾನುವಾರವೊಂದನ್ನು ಸೇರಿಸಬೇಕೆಂದು ಆಯೋಜಕರಿಗೆ ಬರೆದುಕೊಟ್ಟಿದ್ದೇನೆ.