ಐರನ್ ಮಾತ್ರೆ: ಹೊಟ್ಟೆಗೆ ಹಿತ ಯಾವುದು, ಮನೆಗೆ ಅಪಾಯ ಯಾವುದು

ರಕ್ತಹೀನತೆಯ ಕಾಟಕ್ಕೆ ಎರಡು ವರ್ಷದಲ್ಲಿ ನಾಲ್ಕು ಬಗೆಯ ಐರನ್ ನುಂಗಿದ್ದೇನೆ. ಎಲ್ಲವೂ ಡಾಕ್ಟರು ಬರೆದುಕೊಟ್ಟವೇ.

ಮೊದಲನೆಯದು ಫೆರಸ್ ಸಲ್ಫೇಟ್, 200 ಮಿ.ಗ್ರಾಂ. ಅರ್ಧ ಗಂಟೆಯೊಳಗೆ ಹೊಟ್ಟೆ ತೊಳಸುತ್ತಿತ್ತು, ಬಾಯಲ್ಲಿ ತುಕ್ಕು ನೆಕ್ಕಿದಂಥ ರುಚಿ. ಮಲ ಕಪ್ಪಾದಾಗ ಗಾಬರಿಯಾದೆ. ಮೈಗೆ ಹತ್ತದೆ ಉಳಿದ ಕಬ್ಬಿಣ ಅದು. (ಡಾಂಬರಿನಂತೆ ಅಂಟಂಟಾಗಿ, ಕೆಟ್ಟ ನಾತ ಬಂದರೆ ಬೇರೆ ಮಾತು. ಒಳಗೆ ರಕ್ತ ಸೋರುತ್ತಿರಬಹುದು, ತೋರಿಸಲೇಬೇಕು.)

ಆಮೇಲೆ ಫೆರಸ್ ಗ್ಲುಕೋನೇಟ್, 300 ಮಿ.ಗ್ರಾಂ. ಹೊಟ್ಟೆ ತೆಪ್ಪಗಿತ್ತು. ಎಂಥ ಸಾಧು ಮಾತ್ರೆ ಎಂದು ಕಂಡಕಂಡವರ ಮುಂದೆ ಹೊಗಳಿದೆ. ಒಂದು ದಿನ ಸ್ಟ್ರಿಪ್ಪಿನ ಹಿಂದಿನ ಸಣ್ಣಕ್ಷರ ಓದಿದಾಗ ಗುಟ್ಟು ರಟ್ಟಾಯಿತು: ಅದರಲ್ಲಿರುವ ಅಸಲು ಕಬ್ಬಿಣ ಸುಮಾರು 35 ಮಿ.ಗ್ರಾಂ., ಸಲ್ಫೇಟಿನಲ್ಲಿ 65. ಕಬ್ಬಿಣ ಅರ್ಧಕ್ಕಿಳಿದರೆ ಯಾವ ಹೊಟ್ಟೆಯಾದರೂ ಸುಮ್ಮನಿರುತ್ತದೆ! ಮೂರನೆಯದಾದ ಫೆರಸ್ ಫ್ಯೂಮರೇಟ್ ಕೂಡ 300ರದ್ದೇ, ಆದರೆ ಕಬ್ಬಿಣ ಹತ್ತಿರಹತ್ತಿರ 100. ನನಗೆ ಮಲಬದ್ಧತೆ ಕೊಟ್ಟಿದ್ದು ಬಿಟ್ಟರೆ ದೊಡ್ಡ ತಕರಾರಿಲ್ಲ.

ತಕರಾರು ಬಂದದ್ದು ತಂಗಿಯ ಮಗುವಿನಿಂದ. ಮೇಜಿನ ಮೇಲಿದ್ದ ಫ್ಯೂಮರೇಟ್ ಸ್ಟ್ರಿಪ್ಪನ್ನು ಎಳೆದು, ಪೆಪ್ಪರ್‌ಮಿಂಟಿನಂತೆ ಹೊಳೆಯುವ ಕೆಂಪು ಮಾತ್ರೆಯೊಂದನ್ನು ಉಗುರಿನಿಂದ ಒತ್ತುತ್ತಿತ್ತು. ಫಾಯಿಲ್ ಇನ್ನೂ ಹರಿದಿರಲಿಲ್ಲ. ಅಂದು ಕೂತು ಲೆಕ್ಕ ಹಾಕಿದೆ. ಮೈತೂಕದ ಕಿಲೋಗೆ ಅಸಲು ಕಬ್ಬಿಣ 20 ಮಿ.ಗ್ರಾಂ. ದಾಟಿದರೆ ವಾಂತಿಭೇದಿ, 60 ದಾಟಿದರೆ ಜೀವಕ್ಕೇ ಕುತ್ತು. ಹತ್ತು ಕಿಲೋ ತೂಗುವ ಮಗುವಿಗೆ ಆ ಮಾತ್ರೆ ಆರು ಸಾಕು. ಸಲ್ಫೇಟಾದರೆ ಒಂಬತ್ತು-ಹತ್ತು, ಗ್ಲುಕೋನೇಟಾದರೆ ಹದಿನೇಳು-ಹದಿನೆಂಟು. ಇದರ ಮೋಸ ಇನ್ನೊಂದಿದೆ: ಮೊದಲು ವಾಂತಿ, ಆಮೇಲೆ ಆರರಿಂದ 24 ಗಂಟೆಯ ನಡುವೆ ಮಗು ಚೇತರಿಸಿಕೊಂಡಂತೆ ಕಾಣಬಹುದು. ಅಷ್ಟರಲ್ಲಿ ಕಬ್ಬಿಣ ಯಕೃತ್ತಿಗೆ ಕೈ ಹಾಕಿರುತ್ತದೆ. ಬೇರೆ ವಿಷಗಳಿಗೆ ಕುಡಿಸುವ ಇದ್ದಿಲು ಪುಡಿಗೆ ಕಬ್ಬಿಣ ಅಂಟುವುದಿಲ್ಲ. ತೀವ್ರವಾದರೆ ಆಸ್ಪತ್ರೆಯಲ್ಲಿ ಡೆಫೆರಾಕ್ಸಮೀನ್ ಎಂಬ, ಕಬ್ಬಿಣವನ್ನು ಹಿಡಿದು ಹೊರಹಾಕುವ ಔಷಧ ಕೊಡಬೇಕು. ಹಾಗಾಗಿ ‘ಈಗ ಆಟವಾಡ್ತಿದೆಯಲ್ಲ’ ಎಂದು ಕಾಯುವಂತಿಲ್ಲ.

ಇದನ್ನು ಹೇಳಿದ ಮೇಲೆ ಡಾಕ್ಟರು ಪಾಲಿಮಾಲ್ಟೋಸ್ ಐರನ್ನಿಗೆ ಬದಲಿಸಿದರು. ಇದರ ಕಬ್ಬಿಣ ಸಕ್ಕರೆಯಂಥ ಅಣುಗಳ ಕವಚದೊಳಗಿದ್ದು ನಿಧಾನವಾಗಿ ಬಿಡುಗಡೆಯಾಗುವುದರಿಂದ ವಿಷವೇರುವ ಸಂಭವ ಉಳಿದ ಮೂರಕ್ಕಿಂತ ಬಹಳ ಕಡಿಮೆ. ಊಟದ ಜೊತೆಗೇ ತಗೋಬಹುದು, ತೊಳಸೂ ಇಲ್ಲ. ನನ್ನ ಹಿಮೋಗ್ಲೋಬಿನ್ ಮಾತ್ರ ಆಮೆನಡಿಗೆಯಲ್ಲಿ ಏರಿತು. ಮೂರು ತಿಂಗಳಿಗೆ ತಾಳ್ಮೆ ಮುಗಿಯಿತು.

ಈಗ ಮತ್ತೆ ಸಲ್ಫೇಟ್, ದಿನ ಬಿಟ್ಟು ದಿನ. ಒಂದು ಮಾತ್ರೆ ನುಂಗಿದರೆ ಮೈಯಲ್ಲಿ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ ಮರುದಿನದ ಕಬ್ಬಿಣಕ್ಕೆ ಬಾಗಿಲು ಹಾಕುತ್ತದಂತೆ, ಅದಕ್ಕೇ ಈ ರಜೆ. ತೊಳಸು ಅರ್ಧಕ್ಕರ್ಧ ತಗ್ಗಿದೆ. ಸ್ಟ್ರಿಪ್ಪು ಅಟ್ಟದ ಮೇಲೆ, ಬೀಗದ ಡಬ್ಬಿಯಲ್ಲಿ. ಎಷ್ಟು ಉಳಿದಿವೆ ಎಂದು ಪ್ರತಿ ಸಲ ಮುಚ್ಚಳದ ಚೀಟಿಯಲ್ಲಿ ಬರೆಯುತ್ತೇನೆ. ಅಕಸ್ಮಾತ್ ಓಡಬೇಕಾಗಿ ಬಂದರೆ ಆಸ್ಪತ್ರೆಯವರು ಮೊದಲು ಕೇಳುವುದು ‘ಎಷ್ಟು ಮಾತ್ರೆ?’ ಅಂತಲೇ.