ಸುಮ್ನೆ ಬಿಟ್ಟಾಗ ಪಿಸಿ ತಾನಾಗೇ ರೀಸ್ಟಾರ್ಟ್ ಆಗ್ತಿದ್ಯಾ? ದಯವಿಟ್ಟು ಮೊದ್ಲೇ ಫಾರ್ಮ್ಯಾಟ್ ಮಾಡ್ಬೇಡಿ, ನಾನು ಮಾಡಿ ಕೆಟ್ಟೆ

ಸ್ವಲ್ಪ ಉದ್ದ ಇದೆ, ಆದ್ರೂ ಓದಿ. ಕೆಲಸ ಮಾಡ್ತಿರೋವಾಗ ನಿಮ್ ಡೆಸ್ಕ್‌ಟಾಪ್ ಕಲ್ಲಿನ ಹಾಗೆ ಗಟ್ಟಿಯಾಗಿದ್ದು, ನೀವು ಎದ್ದುಹೋಗಿ ಅರ್ಧ ಗಂಟೆ ಬಿಟ್ಟು ಬಂದ್ರೆ ಮಾತ್ರ ತೆರೆದಿದ್ದೆಲ್ಲಾ ಮುಚ್ಚಿಹೋಗಿ ಲಾಗಿನ್ ಸ್ಕ್ರೀನ್ ತೋರಿಸ್ತಾ ಕೂತಿರುತ್ತೆ ಅಂದ್ರೆ, ವಿಂಡೋಸ್ ಇರೋ ಪೆನ್‌ಡ್ರೈವ್ ಕೈಗೆ ತಗೋಳೋಕೆ ಮುಂಚೆ ಇದನ್ನ ನೋಡಿ. ನಾನು ಎರಡು ತಿಂಗಳು ಒದ್ದಾಡಿದೀನಿ, ಬೇಡದೇ ಇದ್ದ ಎರಡು ಪಾರ್ಟ್ ಕೊಂಡಿದೀನಿ, ನಾಲ್ಕು ವರ್ಷದ ಫೈಲು ಕಳ್ಕೊಂಡಿದೀನಿ. ಕೊನೆಗೆ ನೋಡಿದ್ರೆ ಕೆಡಿಸಿದ್ದು ನಾನೇ.

ನನ್ನ ಪ್ರೊಸೆಸರ್ ರೈಜನ್ 7 5800ಎಕ್ಸ್. ಮೂರು ಗಂಟೆ ಗೇಮ್ ಆಡಿದ್ರೂ ಏನೂ ಆಗಲ್ಲ, ರಾತ್ರಿಯೆಲ್ಲಾ ವಿಡಿಯೋ ರೆಂಡರ್‌ಗೆ ಹಾಕಿದ್ರೂ ಬೆಳಿಗ್ಗೆ ಮುಗಿಸಿ ಕೂತಿರ್ತಿತ್ತು. ಆದ್ರೆ ಸುಮ್ನೆ ಬಿಟ್ಟು ಹೋದ್ರೆ ಸಾಕು, ಸ್ಕ್ರೀನ್ ಕಪ್ಪಾಗಿ, ಯಾರೋ ರೀಸೆಟ್ ಬಟನ್ ಒತ್ತಿದ ಹಾಗೆ ಮತ್ತೆ ಮೊದಲಿಂದ ಶುರು. ಬ್ಲೂ ಸ್ಕ್ರೀನ್ ಇಲ್ಲ, ಎರರ್ ಇಲ್ಲ. ಮೊದಮೊದಲು ವಿಂಡೋಸ್ ಅಪ್‌ಡೇಟ್ ಇರ್ಬೇಕು ಅಂತ ಒಂದು ವಾರ ಅದಕ್ಕೇ ಬೈಕೊಂಡು ಇದ್ದೆ.

ಆಮೇಲೆ ಇವೆಂಟ್ ವ್ಯೂವರ್ (ಪಿಸಿಯಲ್ಲಿ ಏನೇನಾಯ್ತು ಅಂತ ವಿಂಡೋಸ್ ಬರೆದಿಡೋ ಲಾಗ್ ತೋರಿಸೋ ಟೂಲ್) ತೆಗೆದೆ. ಪಟ್ಟಿ ಕಿಲೋಮೀಟರ್ ಉದ್ದ ಇತ್ತು, ಹಾಗಾಗಿ ಬುದ್ಧಿವಂತನ ಹಾಗೆ ಕ್ರಿಟಿಕಲ್ ಮಾತ್ರ ತೋರ್ಸು ಅಂತ ಫಿಲ್ಟರ್ ಹಾಕ್ದೆ. ಇದು ಮೊದಲನೇ ತಪ್ಪು, ಯಾಕೆ ಅಂತ ಆಮೇಲೆ ಹೇಳ್ತೀನಿ. ಕಾಣಿಸಿದ್ದು ಸಾಲಾಗಿ ಕರ್ನಲ್-ಪವರ್, ಇವೆಂಟ್ ಐಡಿ 41. ಹೆಸರಲ್ಲೇ ಪವರ್ ಇದ್ಯಲ್ಲ, ಗೆಳೆಯನ ಹತ್ರ ಹೇಳಿದ್ರೆ ಅವನೂ "ಪವರ್ ಸಪ್ಲೈ ಹೋಗಿದೆ ಕಣೋ, ಇನ್ನೇನು ನೋಡೋದಿದೆ" ಅಂದ. ಹೊಸ ಪವರ್ ಸಪ್ಲೈ ತಂದು, ಕೇಬಲ್ ಎಲ್ಲಾ ಬಿಚ್ಚಿ ಕಟ್ಟಿ, ಒಂದು ಭಾನುವಾರ ಪೂರ್ತಿ ಅದಕ್ಕೇ ಹೋಯ್ತು. ಅದೇ ದಿನ ರಾತ್ರಿ ಮತ್ತೆ ರೀಸ್ಟಾರ್ಟ್.

ಈ 41 ಹೇಳೋದು ಇಷ್ಟೇ: ಹೋದ್ಸಲ ಸಿಸ್ಟಮ್ ಸರಿಯಾಗಿ ಶಟ್‌ಡೌನ್ ಆಗ್ದೇ ಮತ್ತೆ ಆನ್ ಆಯ್ತು, ಅಷ್ಟೇ. ಕರೆಂಟ್ ಹೋದ್ರೂ 41, ನೀವೇ ಪವರ್ ಬಟನ್ ಒತ್ತಿ ಹಿಡ್ಕೊಂಡ್ರೂ 41. ಯಾಕೆ ಅಂತ ಅದಕ್ಕೂ ಗೊತ್ತಿರಲ್ಲ. ಅದನ್ನ ತೆರೆದು ಡೀಟೇಲ್ಸ್ ಟ್ಯಾಬಲ್ಲಿ ಬಗ್‌ಚೆಕ್ ಕೋಡ್ ನೋಡಿ, ಸೊನ್ನೆ ಇದ್ರೆ ವಿಂಡೋಸ್‌ಗೆ ಬ್ಲೂ ಸ್ಕ್ರೀನ್ ಹಾಕೋಕೂ ಪುರುಸೊತ್ತು ಸಿಕ್ಕಿಲ್ಲ ಅಂತ. ನಂದು ಪ್ರತಿ ಸಲವೂ ಸೊನ್ನೆ. ಅಪ್‌ಡೇಟ್ ಅಥವಾ ಯಾವುದೋ ಪ್ರೋಗ್ರಾಂ ಹೇಳಿ ರೀಸ್ಟಾರ್ಟ್ ಮಾಡಿಸಿದ್ರೆ 1074 ಅಂತ ಬೇರೆ ಎಂಟ್ರಿ ಇರುತ್ತೆ, ಅದು ಇರ್ಲೇ ಇಲ್ಲ. ಸುಮ್ನೆ ಒಂದು ವಾರ ಅಪ್‌ಡೇಟ್‌ಗೆ ಬೈದೆ.

ಆಮೇಲೆ ರ‍್ಯಾಮ್ ಮೇಲೆ ಅನುಮಾನ. ಮೆಮ್‌ಟೆಸ್ಟ್86 ನಾಲ್ಕು ಪಾಸ್ ಓಡಿಸ್ದೆ, ಒಂದು ಎರರ್ ಇಲ್ಲ. ಆದ್ರೂ ಸಮಾಧಾನ ಇಲ್ಲ, ಹೊಸ ರ‍್ಯಾಮ್ ಬಂತು. ಅದರ ಬಗ್ಗೆ ಜಾಸ್ತಿ ಹೇಳಲ್ಲ, ಹೊಟ್ಟೆ ಉರಿಯುತ್ತೆ.

ಈಗ ಮುಖ್ಯ ವಿಷ್ಯ. ಯಾರನ್ನ ಕೇಳಿದ್ರೂ ಒಂದೇ ಉತ್ತರ, ಒಂದ್ಸಲ ನೀಟಾಗಿ ಫಾರ್ಮ್ಯಾಟ್ ಮಾಡಿ ನೋಡು. ರೋಸಿ ಹೋಗಿತ್ತು, ರಾತ್ರಿ ಒಂದು ಗಂಟೆಗೆ ಕೂತು ವಿಂಡೋಸ್ ಹಾಕೋಕೆ ಶುರು ಮಾಡ್ದೆ, ಪಾರ್ಟಿಷನ್ ಪಟ್ಟಿ ಬಂತು, ಎಲ್ಲಾ ಡಿಲೀಟ್ ಹೊಡ್ದೆ. ಡಿ ಡ್ರೈವ್ ಬೇರೆ ಡಿಸ್ಕ್ ಅನ್ನೋ ಭ್ರಮೆಯಲ್ಲಿದ್ದೆ, ಅದು ಅದೇ ಎಸ್‌ಎಸ್‌ಡಿಯ ಇನ್ನೊಂದು ಪಾರ್ಟಿಷನ್. ಬೆಳಿಗ್ಗೆ ರಿಕವರಿ ಸಾಫ್ಟ್‌ವೇರ್ ಹಾಕಿ ನೋಡಿದ್ರೆ ಬರೀ ಖಾಲಿ. ಹಳೇ ಹಾರ್ಡ್‌ಡಿಸ್ಕ್ ಆಗಿದ್ರೆ ಏನಾದ್ರೂ ಸಿಗ್ತಿತ್ತೇನೋ, ಎಸ್‌ಎಸ್‌ಡಿಯಲ್ಲಿ ಫಾರ್ಮ್ಯಾಟ್ ಮಾಡ್ದಾಗ ವಿಂಡೋಸ್ ಟ್ರಿಮ್ (ಈ ಜಾಗ ಇನ್ನು ಬೇಡ ಅನ್ನೋ ಸೂಚನೆ) ಕಳಿಸುತ್ತೆ, ಆಮೇಲೆ ಡ್ರೈವೇ ಆ ಜಾಗನ ಒಳಗೊಳಗೇ ಒರೆಸಿ ಹಾಕುತ್ತೆ. ಅಮ್ಮನ ಹಳೇ ಆಲ್ಬಂ ಸ್ಕ್ಯಾನ್ ಮಾಡಿಟ್ಟಿದ್ದೆ, ಪುಣ್ಯಕ್ಕೆ ಆಲ್ಬಂ ಇದೆ, ಮತ್ತೆ ಕೂತು ಮಾಡ್ಬೇಕು. ಕೆಲಸದ ಫೈಲುಗಳು ಹೋಗಿದ್ದು ಹೋಗಿದ್ದೇ.

ಇಷ್ಟಾಗಿ ರೀಸ್ಟಾರ್ಟ್ ನಿಲ್ತಾ ಅಂದ್ರೆ ಇಲ್ಲ. ಹೊಸ ವಿಂಡೋಸ್ ಹಾಕಿದ ಮಾರನೇ ದಿನವೇ ಹಾಜರ್. ಇನ್ನೊಂದು ನಷ್ಟ ಆಗ ಹೊಳೀಲಿಲ್ಲ, ಫಾರ್ಮ್ಯಾಟ್ ಜೊತೆ ಅಷ್ಟು ದಿನದ ಇವೆಂಟ್ ಲಾಗ್ ಕೂಡ ಹೋಯ್ತು. ಕಳ್ಳ ಮನೇಲೇ ಇದ್ದ, ನಾನು ಅವನ ಹೆಜ್ಜೆ ಗುರುತು ಅಳಿಸಿದ್ದೆ.

ಆಮೇಲೆ ಒಬ್ರು ಸಿಮಾಸ್ ಕ್ಲಿಯರ್ ಮಾಡಿ ಅಂದ್ರು, ಅಂದ್ರೆ ಬಯೋಸ್ (ವಿಂಡೋಸಿಗೂ ಮುಂಚೆ ಏಳೋ ಬೋರ್ಡಿನ ಪ್ರೋಗ್ರಾಂ) ಸೆಟ್ಟಿಂಗ್ ಎಲ್ಲಾ ಅಳಿಸಿ ಡಿಫಾಲ್ಟಿಗೆ ತರೋದು. ಮಾಡ್ದೆ, ಒಂದು ವಾರ ಪೂರ್ತಿ ಒಂದೇ ಒಂದು ರೀಸ್ಟಾರ್ಟ್ ಇಲ್ಲ! ಆದ್ರೆ ಫ್ಯಾನ್ ಸದ್ದು ಜಾಸ್ತಿ ಆಗಿತ್ತು, ನಾನು ಹಿಂದೆ ಮಾಡಿಟ್ಟಿದ್ದ ಫ್ಯಾನ್ ಸೆಟ್ಟಿಂಗ್ ಹೋಗಿತ್ತಲ್ಲ, ಬಯೋಸಲ್ಲಿ ಸೇವ್ ಮಾಡಿದ್ದ ಹಳೇ ಪ್ರೊಫೈಲ್ ಲೋಡ್ ಮಾಡ್ದೆ. ಎರಡನೇ ದಿನಕ್ಕೆ ಮತ್ತೆ ಶುರು. ಇಷ್ಟು ಕಣ್ಣಿಗೆ ರಾಚ್ತಿದ್ರೂ ನಂಗೆ ಹೊಳೀಲಿಲ್ಲ ನೋಡಿ, ಸಿಟ್ಟಲ್ಲಿ ಇವೆಂಟ್ ವ್ಯೂವರ್ ತೆಗೆದು ಈ ಸಲ ಫಿಲ್ಟರ್ ಇಲ್ದೇ ಒಂದೊಂದೇ ಓದ್ದೆ. 41ರ ಪಕ್ಕದಲ್ಲೇ, ಕ್ರಿಟಿಕಲ್ ಅಲ್ಲ ಬರೀ ಎರರ್ ಅಂತ, ವೀ-ಲಾಗರ್ ಕೂತಿತ್ತು, ಇಂಗ್ಲಿಷಲ್ಲಿ ಡಬ್ಲ್ಯೂ ಎಚ್ ಇ ಎ ಅಂತ ಇರುತ್ತೆ, ಹಾರ್ಡ್‌ವೇರ್ ತಪ್ಪುಗಳನ್ನ ಬರೆದಿಡೋದು ಇದೇ. ಇವೆಂಟ್ ಐಡಿ 18, ಕ್ಯಾಶ್ ಹೈರಾರ್ಕಿ ಎರರ್ (ಪ್ರೊಸೆಸರ್ ಒಳಗಿನ ಮೆಮೊರಿಯಲ್ಲಿ ತಪ್ಪು), ಪ್ರೊಸೆಸರ್ ಎಪಿಐಸಿ ಐಡಿ 4. ಹಿಂದಿಂದು ನೋಡಿದ್ರೆ ಅದರಲ್ಲೂ 4, ಅದರ ಹಿಂದಿಂದು 5. ಒಂದೊಂದು ಕೋರ್‌ಗೆ ಎರಡೆರಡು ನಂಬರ್ ಇರೋದ್ರಿಂದ, ಸೊನ್ನೆಯಿಂದ ಎಣಿಸಿದ್ರೆ ಎರಡೂ ಒಂದೇ ಕೋರ್, 2ನೇದು.

ಆಗ ನೆನಪಾಯ್ತು. ಬೇಸಿಗೇಲಿ ಪ್ರೊಸೆಸರ್ ತುಂಬಾ ಬಿಸಿ ಆಗುತ್ತೆ ಅಂತ ಯಾವುದೋ ವಿಡಿಯೋ ನೋಡಿ ಬಯೋಸಲ್ಲಿ ಕರ್ವ್ ಆಪ್ಟಿಮೈಸರ್ (ಕೋರ್‌ಗಳಿಗೆ ಹೋಗೋ ವೋಲ್ಟೇಜ್ ಏರಿಳಿಸೋ ಸೆಟ್ಟಿಂಗ್) ತೆಗೆದು ಎಲ್ಲಾ ಕೋರ್‌ಗೂ ಮೈನಸ್ 25 ಕೊಟ್ಟಿದ್ದೆ. ಸಿನಿಬೆಂಚ್ (ಪ್ರೊಸೆಸರ್ ವೇಗ ಅಳೆಯೋ ಪ್ರೋಗ್ರಾಂ) ಓಡಿಸ್ದೆ, ಸ್ಕೋರೂ ಜಾಸ್ತಿ ಟೆಂಪರೇಚರೂ ಕಡಿಮೆ, ಖುಷಿಯಾಗಿ ಮರೆತುಬಿಟ್ಟೆ. ಆ ಹಳೇ ಪ್ರೊಫೈಲಲ್ಲಿ ಸೇವ್ ಆಗಿದ್ದೂ ಇದೇ. ಆಗ ಕೆಲಸ ಮುಗಿದ ತಕ್ಷಣ ಆಫ್ ಮಾಡೋ ಅಭ್ಯಾಸ, ಹಾಗಾಗಿ ಏನೂ ಗೊತ್ತಾಗ್ಲಿಲ್ಲ. ರಾತ್ರಿ ಆನ್ ಇಟ್ಟು ಮಲಗೋಕೆ ಶುರು ಮಾಡಿದ್ದು ಆಮೇಲೆ.

ಅಲ್ಲಿ ಒಂದು ಕೌಂಟ್ ಅಂದ್ರೆ ಸುಮಾರು 3ರಿಂದ 5 ಮಿಲಿವೋಲ್ಟ್, ಅಂದ್ರೆ ಮೈನಸ್ 25 ಸಣ್ಣದೇನಲ್ಲ. ಎಂಟೂ ಕೋರ್ ಒಟ್ಟಿಗೆ ದುಡಿಯೋವಾಗ ಯಾವುದೂ ಪೂರ್ತಿ ವೇಗಕ್ಕೆ ಹೋಗಲ್ಲ, ಹಾಗಾಗಿ ಕಡಿಮೆ ವೋಲ್ಟೇಜಲ್ಲೂ ತಡ್ಕೊಳ್ಳುತ್ತೆ. ಸುಮ್ನೆ ಬಿಟ್ಟಾಗ ಎಲ್ಲಾ ಮಲಗಿರುತ್ತೆ, ಹಿಂದೆ ಯಾವುದೋ ಸಣ್ಣ ಕೆಲಸ ಬಂದು ಒಂದೇ ಒಂದು ಕೋರ್ ದಡಕ್ಕನೆ ಎದ್ದು 4.7 ಗಿಗಾಹರ್ಟ್ಸ್‌ಗೆ ಹಾರುತ್ತೆ, ಆ ವೇಗಕ್ಕೆ ಬೇಕಾದಷ್ಟು ವೋಲ್ಟೇಜ್ ನಾನು ಬಿಟ್ಟಿಲ್ಲ, ಅಲ್ಲೇ ಮುಗೀತು. ಅದಕ್ಕೇ ಸ್ಟ್ರೆಸ್ ಟೆಸ್ಟ್ ಪಾಸ್ ಆಯ್ತು ಅಂತ ಪ್ರೊಸೆಸರ್ ಮೇಲಿನ ಅನುಮಾನ ಬಿಡ್ಬೇಡಿ. ಒಂದೊಂದೇ ಕೋರ್ ಪರೀಕ್ಷೆ ಮಾಡೋಕೆ ಕೋರ್‌ಸೈಕ್ಲರ್ ಅಂತ ಫ್ರೀ ಟೂಲ್ ಇದೆ. ನಂದು ಸಿನಿಬೆಂಚಲ್ಲಿ ಗಂಟೆಗಟ್ಲೆ ನಿಂತಿದ್ದು ಇದರಲ್ಲಿ 2ನೇ ಕೋರ್ ಸರದಿ ಬಂದ ಸ್ವಲ್ಪ ಹೊತ್ತಿಗೇ ಬಿತ್ತು.

ಹಾಗಾಗಿ ನೀವು ಮೊದಲು ಫೈಲೆಲ್ಲಾ ಬೇರೆ ಡಿಸ್ಕಿಗೆ ಹಾಕಿ, ಸಿಸ್ಟಮ್ ಲಾಗ್ ಸೇವ್ ಮಾಡ್ಕೊಳ್ಳಿ, ಫಿಲ್ಟರ್ ಹಾಕ್ದೇ ಓದಿ. ಸ್ಟಾರ್ಟಪ್ ಅಂಡ್ ರಿಕವರಿಯಲ್ಲಿ ಆಟೋಮ್ಯಾಟಿಕಲಿ ರೀಸ್ಟಾರ್ಟ್ ಟಿಕ್ ತೆಗೀರಿ, ಬ್ಲೂ ಸ್ಕ್ರೀನ್ ಇದ್ರೆ ನಿಂತ್ಕೊಳ್ಳುತ್ತೆ, ಆಗ ಅದು ಡ್ರೈವರ್ ಕಥೆ ಇರಬಹುದು. ಆಮೇಲೆ ಬಯೋಸ್ ಡಿಫಾಲ್ಟ್‌ಗೆ ತನ್ನಿ, ಎಕ್ಸ್‌ಎಂಪಿ (ರ‍್ಯಾಮ್ ವೇಗ ಏರಿಸೋ ಸೆಟ್ಟಿಂಗ್) ಕೂಡ ಆಫ್, ಒಂದು ವಾರ ಹಾಗೇ ಓಡ್ಸಿ, ನನ್ನ ಹಾಗೆ ಪ್ರೊಫೈಲ್ ಮುಟ್ಬೇಡಿ. ಬಯೋಸಲ್ಲಿರೋದು ವಿಂಡೋಸ್ ಎಷ್ಟು ಸಲ ಹಾಕಿದ್ರೂ ಹೋಗಲ್ಲ. ಡಿಫಾಲ್ಟಲ್ಲೂ ಬೀಳ್ತಿದ್ರೆ, ರೈಜನ್ ಬೋರ್ಡ್ ಆಗಿದ್ರೆ ಪವರ್ ಸಪ್ಲೈ ಐಡಲ್ ಕಂಟ್ರೋಲ್ ಅನ್ನೋದನ್ನ ಟಿಪಿಕಲ್ ಕರೆಂಟ್ ಐಡಲ್ ಅಂತ ಇಡಿ. ಕೆಲವು ಹಳೇ ಪವರ್ ಸಪ್ಲೈಗಳಿಗೆ ಪ್ರೊಸೆಸರ್ ಗಾಢ ನಿದ್ದೆಗೆ ಹೋದಾಗಿನ ತೀರಾ ಕಡಿಮೆ ಲೋಡ್ ಆಗಿಬರಲ್ಲ, 2013ರಲ್ಲಿ ಇಂಟೆಲ್ ಹ್ಯಾಸ್‌ವೆಲ್ ಬಂದಾಗಲೂ ಇದೇ ಮಾತು ಎದ್ದಿತ್ತು. ಸಿ-ಸ್ಟೇಟ್ (ಪ್ರೊಸೆಸರ್ ನಿದ್ದೆಗೆ ಹೋಗೋ ಸೆಟ್ಟಿಂಗ್) ಆಫ್ ಮಾಡಿದ್ರೆ ನಿಲ್ಲುತ್ತೆ ಅಂದ್ರೆ ಪವರ್ ಸಪ್ಲೈ ಕಡೆ ನೋಡೋದಕ್ಕೆ ಅರ್ಥ ಇದೆ. ಹಾಂ, ಕೇಸಿನ ರೀಸೆಟ್ ಬಟನ್ ವೈರ್ ಕೂಡ ಬೋರ್ಡಿಂದ ಕಿತ್ತು ಒಂದಿನ ನೋಡಿ, ಬಟನ್ ಶಾರ್ಟ್ ಆಗಿದ್ರೂ ಹೀಗೇ ಆಗುತ್ತೆ, ಇದಕ್ಕೆ ಖರ್ಚಂತೂ ಇಲ್ಲ.

ಈಗ 2ನೇ ಕೋರ್‌ಗೆ ಸೊನ್ನೆ, ಮಿಕ್ಕಿದ್ದಕ್ಕೆ ಮೈನಸ್ 10 ಇಟ್ಟಿದೀನಿ, ಏಳು ವಾರ ಆಯ್ತು, ಒಂದ್ಸಲವೂ ಬಿದ್ದಿಲ್ಲ. ಹಳೇ ಪವರ್ ಸಪ್ಲೈನೇ ವಾಪಸ್ ಹಾಕಿದೀನಿ, ಹೊಸದು ಡಬ್ಬದಲ್ಲಿದೆ. ಆಲ್ಬಂ ಸ್ಕ್ಯಾನ್ 60 ಪುಟಕ್ಕೆ ಬಂದಿದೆ, ಈ ಸಲ ಎರಡು ಡಿಸ್ಕಲ್ಲಿ ಇಡ್ತಿದೀನಿ.