ಎಂಜಿ ಟಿಸಿ ಕಾರಿನ ಹಳೆಯ ಪುಸ್ತಿಕೆ ಕೊಳ್ಳುವವರು ಮೊದಲು ಪಿನ್ನನ್ನು ನೋಡಿ

ಎಂಜಿ ಟಿಸಿ ಕಾರನ್ನು ಕೊಳ್ಳುವ ಶಕ್ತಿ ನನಗಿಲ್ಲವಾದ್ದರಿಂದ ಇಂಗ್ಲೆಂಡಿಗೆ ಬಂದಾಗಿನಿಂದ ಅದರ ಕಾಗದಪತ್ರಗಳನ್ನು ಕೂಡಿಡುತ್ತಾ ಬಂದಿದ್ದೇನೆ. 1945ರಿಂದ 1949ರವರೆಗೆ ಆಬಿಂಗ್ಡನ್ನಿನ ಕಾರ್ಖಾನೆಯಲ್ಲಿ ಸುಮಾರು 10,000ದಷ್ಟು ತಯಾರಾದ, 1250 ಸಿಸಿ ಎಂಜಿನ್ನಿನ, 19 ಅಂಗುಲದ ಕಡ್ಡಿಚಕ್ರಗಳ ಈ ಇಬ್ಬರು ಕೂರುವ ಗಾಡಿಯ ಮಾರಾಟ ಪುಸ್ತಿಕೆಗಳೂ ಬಳಕೆಯ ಕೈಪಿಡಿಗಳೂ ಹಳೆ ಸಾಮಾನಿನ ಸಂತೆಗಳಲ್ಲಿ ಇಂದಿಗೂ ಸಿಗುತ್ತವೆ. ಅಂಥದೊಂದು ಪುಸ್ತಿಕೆಗೆ ನಾನು ಕಳೆದ ಮೇ ತಿಂಗಳಲ್ಲಿ 165 ಪೌಂಡ್ ಕಳೆದುಕೊಂಡೆ.

ಅದು ಹ್ಯಾಂಪ್‌ಶೈರಿನ ಸಣ್ಣ ಊರೊಂದರ ಭಾನುವಾರದ ಸಂತೆ. ಪುಸ್ತಿಕೆಯು ಅಂಟುಪಟ್ಟಿ ಹಾಕಿ ಮುಚ್ಚಿದ ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿತ್ತು. ತನ್ನ ಸೋದರಮಾವನ ಕಾರು ಮಳಿಗೆಯ ಅಟ್ಟದಲ್ಲಿ ಸಿಕ್ಕಿದ್ದೆಂದೂ, ಮಧ್ಯಾಹ್ನದೊಳಗೆ ಇನ್ನೊಬ್ಬರು ಬಂದು ಒಯ್ಯಲಿದ್ದಾರೆಂದೂ ಮಾರುವವನು ಹೇಳಿದ. ಮಡಿಕೆ ಬಿದ್ದ ಹೊದಿಕೆ, ನಡುವೆ ಪಿನ್ನಿನ ಸುತ್ತ ಹಬ್ಬಿದ ತುಕ್ಕು, ಹಿಂಬದಿಯ ಬಲಮೂಲೆಯಲ್ಲಿ ಚಹಾ ಲೋಟದ ಅರ್ಧ ವೃತ್ತದ ಕಲೆ, ಇವನ್ನೆಲ್ಲ ಕಂಡು ನಾನು ಚೀಲ ಬಿಚ್ಚಿಸದೆ ನಗದು ಎಣಿಸಿಕೊಟ್ಟೆ. ರಸೀದಿ ಕೇಳಲಿಲ್ಲ.

ಮನೆಗೆ ಬಂದು ಕಿಟಕಿಯ ಬಳಿ ಬಿಚ್ಚಿದಾಗ ಮೊದಲು ಕಂಡದ್ದು ಪಿನ್ನು. ಸುತ್ತ ಕಂದುಬಣ್ಣದ ತುಕ್ಕು ಹಬ್ಬಿದ್ದರೂ ಪಿನ್ನು ಮಾತ್ರ ಅಂಗಡಿಯಿಂದ ಆಗಷ್ಟೇ ತಂದಂತೆ ಹೊಳೆಯುತ್ತಿತ್ತು. ಮಡಿಕೆಯ ಮೇಲೆ ಬೆರಳಾಡಿಸಿದೆ. ಕಣ್ಣಿಗೆ ಬಿರುಕು ಕಾಣುತ್ತಿತ್ತೇ ಹೊರತು ಬೆರಳಿಗೆ ಏನೂ ಸಿಗಲಿಲ್ಲ. ಮಡಿಕೆ, ತುಕ್ಕು, ಚಹಾದ ಕಲೆ ಎಲ್ಲವೂ ಅಸಲಿ ಪ್ರತಿಯೊಂದನ್ನು ಸ್ಕ್ಯಾನ್ ಮಾಡುವಾಗ ಬಂದು ಅಚ್ಚಾದ ಚಿತ್ರಗಳಾಗಿದ್ದವು. ಹಳೆಯದಾಗಿ ಕಾಣಿಸಲು ಅವನು ಬೇರೇನೂ ಶ್ರಮಪಟ್ಟಿರಲಿಲ್ಲ.

ಆಮೇಲೆ ಭೂತಗನ್ನಡಿ ತೆಗೆದೆ. ಆ ಕಾಲದ ಮುದ್ರಣದಲ್ಲಿ ಕಪ್ಪು ಅಕ್ಷರವು ಗಟ್ಟಿ ಕಪ್ಪಾಗಿರುತ್ತದೆ, ಅಚ್ಚುಮೊಳೆಯಲ್ಲಿ ಒತ್ತಿದ್ದರೆ ಪುಟದ ಹಿಂದೆ ಅದರ ಉಬ್ಬೂ ಕೈಗೆ ಸಿಗುತ್ತದೆ; ನನ್ನ ಪ್ರತಿಯಲ್ಲಿ ಅಕ್ಷರಗಳ ಅಂಚು ನೀಲಿ, ಕೆಂಪು, ಹಳದಿ ಚುಕ್ಕಿಗಳಾಗಿ ಒಡೆದಿತ್ತು. ಕೊನೆಗೆ ನೇರಳಾತೀತ ಟಾರ್ಚಿನ ಬೆಳಕು ಬಿಟ್ಟಾಗ ಕಾಗದವು ತೊಳೆದ ಬಿಳಿ ಅಂಗಿಯಂತೆ ನೀಲಿಯಾಗಿ ಮಿನುಗಿತು. ಕಾಗದವನ್ನು ಬೆಳ್ಳಗೆ ತೋರಿಸುವ ಆ ರಾಸಾಯನಿಕಗಳು ಬಳಕೆಗೆ ಬಂದದ್ದು 1950ರ ಸುಮಾರಿಗಾದ್ದರಿಂದ, ಟಿಸಿ ಕಾಲದ ಕಾಗದ ಆ ಬೆಳಕಿನಲ್ಲಿ ಮಂಕಾಗಿಯೇ ಇರಬೇಕು. 1962ರಲ್ಲಿ ಬಂದ ಎಂಜಿಬಿ ಕಾರಿನ ಪುಸ್ತಿಕೆಗಳಿಗೆ ಈ ಪರೀಕ್ಷೆ ನಡೆಯದು, ಏಕೆಂದರೆ ಅಷ್ಟು ಹೊತ್ತಿಗೆ ಅಸಲಿ ಕಾಗದವೂ ಮಿನುಗಬಲ್ಲದು.

ಮರುಮುದ್ರಣದ ಮೇಲೆ ನನಗೆ ಸಿಟ್ಟಿಲ್ಲ. ಮರುಮುದ್ರಣವೆಂದು ಹೇಳಿಯೇ ಮಾರುವ ಕೈಪಿಡಿಗಳು ಗ್ರೀಸು ಮೆತ್ತಿದ ಕೈಯಿಂದ ತಿರುವಿಹಾಕಲು ಬಹಳ ಅನುಕೂಲ. ಅದನ್ನೇ 1947ರದ್ದೆಂದು ಮಾರಿದ್ದು ಮೋಸ.

ಹಣ ವಾಪಸು ಪಡೆಯುವ ದಾರಿಯನ್ನು ನಾನೇ ಮುಚ್ಚಿಕೊಂಡಿದ್ದೆ. ವ್ಯಾಪಾರಿಯಿಂದ ಕೊಂಡ ವಸ್ತು ಹೇಳಿದಂತಿಲ್ಲದಿದ್ದರೆ 30 ದಿನಗಳೊಳಗೆ ಹಿಂತಿರುಗಿಸುವ ಹಕ್ಕನ್ನು ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಕೊಡುತ್ತದೆ. 100 ಪೌಂಡಿಗೆ ಮೀರಿದ ವಸ್ತುವನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡಿದ್ದರೆ ಕಾರ್ಡ್ ಕೊಟ್ಟ ಬ್ಯಾಂಕನ್ನೂ ಹೊಣೆ ಮಾಡಬಹುದು. ನನ್ನ ಬಳಿ ರಸೀದಿಯಿರಲಿಲ್ಲ, ಮಾರಿದವನ ಹೆಸರೂ ಗೊತ್ತಿರಲಿಲ್ಲ. ಮುಂದಿನ ಭಾನುವಾರ ಹೋದಾಗ ಆ ಜಾಗದಲ್ಲಿ ಗಿಡ ಮಾರುವವರಿದ್ದರು.

ಅದೇ ಅಂಗಡಿಯಿಂದ ಗೆಳೆಯರೊಬ್ಬರು ಎಂಜಿ ಮಾರಾಟಗಾರರದೆನ್ನಲಾದ ಎನಾಮಲ್ ಫಲಕವೊಂದನ್ನು ಒಯ್ದಿದ್ದರು. ಮೂಲೆಗಳು ಚೆನ್ನಾಗಿಯೇ ಚಕ್ಕೆಯೆದ್ದಿದ್ದವು, ಆದರೆ ಕೆಳಗೆ ಆಬಿಂಗ್ಡನ್, ಆಕ್ಸ್‌ಫರ್ಡ್‌ಶೈರ್ ಎಂದು ಬರೆದಿತ್ತು. 1974ರವರೆಗೆ ಆಬಿಂಗ್ಡನ್ ಇದ್ದದ್ದು ಬರ್ಕ್‌ಶೈರಿನಲ್ಲಿ.

ಆಗಸ್ಟಿನಲ್ಲಿ ಬೇರೊಂದು ಊರಿನ ಸಂತೆಯಲ್ಲಿ, ಬೇರೊಬ್ಬನ ಮೇಜಿನ ಮೇಲೆ, ಅದೇ ಪುಸ್ತಿಕೆಯನ್ನು 190 ಪೌಂಡಿಗೆ ಇಟ್ಟಿದ್ದನ್ನು ಕಂಡೆ. ಅದೂ ಪ್ಲಾಸ್ಟಿಕ್ ಚೀಲದಲ್ಲಿತ್ತು. ಹಿಂಬದಿಯ ಬಲಮೂಲೆಯಲ್ಲಿ, ಅಂಚಿನಿಂದ ಒಂದು ಬೆರಳಗಲ ಒಳಗೆ, ಎಡಕ್ಕೆ ತೆರೆದ ಅರ್ಧ ವೃತ್ತದ ಚಹಾ ಕಲೆ ಅದರಲ್ಲಿಯೂ ಇತ್ತು.